ಕಡಿಮೆ ಖರ್ಚಿನ ಜೀವಶಾಸ್ತ್ರ ಪ್ರಯೋಗಾಲಯ: ಮುಕ್ತ ವಿನ್ಯಾಸದ ಸಾಧನಗಳನ್ನು ಕಟ್ಟಿ, ಪರೀಕ್ಷಿಸಿ, ಬಳಸುವ ಬಗೆ

ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ನಿತ್ಯ ಓಡುವ ಅನೇಕ ಯಂತ್ರಗಳ ಹೊದಿಕೆ ಬಿಚ್ಚಿ ನೋಡಿದರೆ ಒಳಗಿರುವುದು ಬಿಸಿಯಾಗುವ ಒಂದು ತಟ್ಟೆ, ಬೆಳಕು ಬೀರುವ ಒಂದು ಎಲ್‌ಇಡಿ, ತಿರುಗುವ ಒಂದು ಮೋಟಾರು ಮತ್ತು ಇವುಗಳ ಮೇಲೆ ಕಣ್ಣಿಟ್ಟಿರುವ ಒಂದೆರಡು ಸೆನ್ಸರ್‌ಗಳು. ಇವು ಯಾವುವೂ ದುಬಾರಿಯಲ್ಲ. ಆರ್ಡ್ವಿನೋ ಎಂಬ ಚಿಕ್ಕ ನಿಯಂತ್ರಕ ಫಲಕ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಮೇಜಿನ ಮೇಲಿಡಬಹುದಾದ 3ಡಿ ಪ್ರಿಂಟರ್ ಬಂದ ಮೇಲಂತೂ ಇವನ್ನು ಜೋಡಿಸುವುದಕ್ಕೆ ಎಂಜಿನಿಯರಿಂಗ್ ಪದವಿಯೂ ಬೇಕಿಲ್ಲ. ಹಾಗಾದರೆ ಕಂಪನಿಯ ಯಂತ್ರಕ್ಕೆ ನಾವು ತೆರುವ ಬೆಲೆ ಯಾವುದಕ್ಕೆ? ಬಹುಪಾಲು ಒಂದು ಭರವಸೆಗೆ: ಪರದೆಯ ಮೇಲೆ 37 ಡಿಗ್ರಿ ಎಂದು ಕಂಡರೆ ಒಳಗೆ ನಿಜಕ್ಕೂ 37 ಡಿಗ್ರಿಯೇ ಇದೆ ಎಂಬ ಭರವಸೆಗೆ.

ಸ್ವಂತವಾಗಿ ಕಟ್ಟಿದ ಸಾಧನದ ಜೊತೆ ಆ ಭರವಸೆ ಬರುವುದಿಲ್ಲ, ಅದನ್ನೂ ನಾವೇ ಸಿದ್ಧಪಡಿಸಬೇಕು. ಸಾಧನ ಕಟ್ಟುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ; ಕಟ್ಟಿದ್ದನ್ನು ಯಾವಾಗ ನಂಬಬಹುದು ಎಂದು ಹೇಳುವವರು ಕಡಿಮೆ. ಹಾಗಾಗಿ ಈ ಮಾರ್ಗದರ್ಶಿಯ ಬಹುಭಾಗ ಪರೀಕ್ಷೆಗೇ ಮೀಸಲು.

ಹಂತ 1: ಏನನ್ನು ಅಳೆಯಬೇಕು, ಎಷ್ಟು ನಿಖರವಾಗಿ?

ಬಿಡಿಭಾಗಗಳನ್ನು ತರಿಸುವ ಮೊದಲು ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಅಳೆಯಬೇಕಾದ ಪರಿಮಾಣ, ಅದರ ವ್ಯಾಪ್ತಿ, ಸಹಿಸಬಹುದಾದ ತಪ್ಪು. ಇ. ಕೋಲೈ ಬ್ಯಾಕ್ಟೀರಿಯಾವನ್ನು ರಾತ್ರಿಯಿಡೀ ಬೆಳೆಸುವ ಪೆಟ್ಟಿಗೆಯಲ್ಲಿ ಉಷ್ಣತೆ ಅರ್ಧ ಡಿಗ್ರಿ ಆಚೀಚೆ ಆದರೆ ನಷ್ಟವಿಲ್ಲ. ಪಿಸಿಆರ್‌ನಲ್ಲಿ, ಅಂದರೆ ಬಿಸಿ ಮಾಡಿ ತಣಿಸುತ್ತ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಕ್ರಿಯೆಯಲ್ಲಿ, ಪ್ರೈಮರ್ (ನಕಲು ಶುರುವಾಗುವ ಜಾಗ ಗುರುತಿಸುವ ಚಿಕ್ಕ ಡಿಎನ್‌ಎ ಎಳೆ) ಅಂಟಿಕೊಳ್ಳುವ ಹಂತದಲ್ಲಿ ಎರಡು ಮೂರು ಡಿಗ್ರಿ ತಪ್ಪಿದರೆ ಬೇಡದ ತುಣುಕುಗಳು ಬೆಳೆಯಬಹುದು, ಇಲ್ಲವೇ ಏನೂ ಬೆಳೆಯದಿರಬಹುದು. ಕೆರೆಯ ನೀರಿನ ಪಾಚಿ, ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳನ್ನು ನೋಡಲು 2 ಮೈಕ್ರೋಮೀಟರ್ ಸ್ಪಷ್ಟತೆ (ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲ ಕನಿಷ್ಠ ದೂರ) ಸಾಕು. ಬ್ಯಾಕ್ಟೀರಿಯಾ ದುಂಡಗಿದೆಯೋ ಉದ್ದಗಿದೆಯೋ ತಿಳಿಯಲು ಅರ್ಧ ಮೈಕ್ರೋಮೀಟರ್ ಬೇಕು.

ಎಲ್ಲವನ್ನೂ ಕಟ್ಟಲೇಬೇಕೆಂಬ ಹಟ ಬೇಡ. ನಿಧಾನವಾಗಿ ನಡೆಯುವ, ಕಡಿಮೆ ವೋಲ್ಟೇಜಿನ, ಕೆಟ್ಟುಹೋದರೂ ಯಾರಿಗೂ ಗಾಯವಾಗದ ಸಾಧನಗಳನ್ನು ಕಟ್ಟಿ. ಅತಿ ಚಿಕ್ಕ ಪ್ರಮಾಣದ ದ್ರವವನ್ನು ಅಳೆದು ಹಾಕುವ ಮೈಕ್ರೋಪಿಪೆಟ್ಟನ್ನು ಕೊಂಡುಕೊಳ್ಳಿ, ಅಗ್ಗದ್ದಾದರೂ ಸರಿ, ತೂಕ ಹಾಕಿ ಪರೀಕ್ಷಿಸಿ. 20 ಡಿಗ್ರಿಯಲ್ಲಿ 1000 ಮೈಕ್ರೋಲೀಟರ್ ಶುದ್ಧ ನೀರು ಸುಮಾರು 0.998 ಗ್ರಾಂ ತೂಗಬೇಕು. ಹತ್ತು ಸಲ ಹಾಕಿ ತೂಗಿದಾಗ ಸರಾಸರಿ ತಪ್ಪಿದ್ದರೆ ಪಿಪೆಟ್ಟನ್ನು ತಿರುಪಿ ಸರಿಪಡಿಸಬಹುದು. ತೂಕ ಒಂದೊಂದು ಸಲ ಒಂದೊಂದು ಥರ ಬರುತ್ತಿದ್ದರೆ ತಪ್ಪು ಸೀಲಿನಲ್ಲಿರಬಹುದು, ನಿಮ್ಮ ಕೈಯಲ್ಲೂ ಇರಬಹುದು.

ಹಂತ 2: ವಿನ್ಯಾಸವನ್ನು ಆಯ್ದುಕೊಳ್ಳುವುದು

‘ಓಪನ್ ಸೋರ್ಸ್’ (ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಬಹುದಾದ ಮುಕ್ತ ವಿನ್ಯಾಸ) ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಆ ವಿನ್ಯಾಸವನ್ನು ಕಟ್ಟಲು ಆಗುತ್ತದೆ ಎಂದಲ್ಲ. ನಾನು ಮೊದಲು ನೋಡುವುದು ಪರವಾನಗಿ ಪತ್ರವನ್ನು. ಅದು ಇಲ್ಲದಿದ್ದರೆ ಬದಲಿಸುವ, ಹಂಚುವ ಹಕ್ಕು ನಿಮಗಿಲ್ಲ. ಎರಡನೆಯದು, ತಿದ್ದಬಹುದಾದ ಮೂಲ ಕಡತಗಳು. ಪ್ರಿಂಟರಿಗೆ ಕೊಡುವ ಎಸ್‌ಟಿಎಲ್ ಕಡತ ಮಾತ್ರ ಇದ್ದರೆ, ನಿಮ್ಮ ಮೋಟಾರು ಎರಡು ಮಿಲಿಮೀಟರ್ ದಪ್ಪಗಿದ್ದ ದಿನವೇ ಕೆಲಸ ನಿಲ್ಲುತ್ತದೆ. ಫ್ರೀಕ್ಯಾಡ್ ಅಥವಾ ಓಪನ್‌ಸ್ಕ್ಯಾಡ್ ಎಂಬ ವಿನ್ಯಾಸ ತಂತ್ರಾಂಶಗಳ ಮೂಲ ಕಡತ ಮತ್ತು ಸರ್ಕ್ಯೂಟಿಗೆ ಕೈಕ್ಯಾಡ್ ತಂತ್ರಾಂಶದ ಕಡತ ಇರಲಿ. ಮೂರನೆಯದು, ತಿರುಪಿನ ಅಳತೆಯವರೆಗೂ ಬರೆದಿರುವ ಬಿಡಿಭಾಗಗಳ ಪಟ್ಟಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮಾಪನದ ದತ್ತಾಂಶ. ಸಾಧನದ ಚೆಂದದ ಫೋಟೋ ಇದ್ದು, ಅದು ಅಳೆದ ಒಂದು ಗ್ರಾಫ್ ಕೂಡ ಇಲ್ಲದಿದ್ದರೆ ಅನುಮಾನಪಡಿ. 2017ರಲ್ಲಿ ಆರಂಭವಾದ ‘ಹಾರ್ಡ್‌ವೇರ್‌ಎಕ್ಸ್’ ಪತ್ರಿಕೆಯ ಲೇಖನಗಳು ಹುಡುಕಾಟಕ್ಕೆ ಒಳ್ಳೆಯ ಜಾಗ. ಅಲ್ಲಿ ವಿನ್ಯಾಸದ ಕಡತ, ಕಟ್ಟುವ ಕ್ರಮ, ಪರೀಕ್ಷೆಯ ಫಲಿತಾಂಶ ಮೂರನ್ನೂ ಕೊಡಬೇಕೆಂಬ ನಿಯಮವಿದೆ.

ಹಂತ 3: ಮೊದಲ ಸಾಧನ — ಬ್ಯಾಕ್ಟೀರಿಯಾದ ಬೆಳವಣಿಗೆ ಅಳೆಯುವ ಮಾಪಕ

ಶುರುವಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಭಾಗಗಳು ಕಡಿಮೆ, ಅಪಾಯವಿಲ್ಲ, ಮಾಪನದ ಪಾಠಗಳೆಲ್ಲ ಇದರಲ್ಲೇ ಸಿಗುತ್ತವೆ. ದ್ರವದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದಷ್ಟೂ ದ್ರವ ಕದಡುತ್ತದೆ, ಅದರ ಮೂಲಕ ಹಾಯುವ ಬೆಳಕು ಕಡಿಮೆಯಾಗುತ್ತದೆ. ಪ್ರಯೋಗಾಲಯಗಳಲ್ಲಿ ‘ಓಡಿ 600’ (ಓಡಿ ಎಂದರೆ ಆಪ್ಟಿಕಲ್ ಡೆನ್ಸಿಟಿ) ಎನ್ನುವುದು 600 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದ ಈ ಕದಡುವಿಕೆಯನ್ನೇ.

ಬೇಕಾದವು: 600 ನ್ಯಾನೋಮೀಟರ್ ಆಸುಪಾಸಿನ ಕಿತ್ತಳೆ ಎಲ್‌ಇಡಿ, ಬೆಳಕನ್ನು ಗ್ರಹಿಸುವ ಒಂದು ಫೋಟೋಡಯೋಡ್ ಮತ್ತು ಅದರ ಸಂಕೇತವನ್ನು ಹಿಗ್ಗಿಸುವ ಆಪ್-ಆಂಪ್, ಆರ್ಡ್ವಿನೋ, ಕುವೆಟ್ (ದ್ರವ ತುಂಬುವ ಪಾರದರ್ಶಕ ಚಿಕ್ಕ ಪಾತ್ರೆ) ಹಿಡಿಯುವ ಕಪ್ಪು ಅಚ್ಚು. ಅಚ್ಚಿನ ಗೋಡೆ ಮೂರು ಮಿಲಿಮೀಟರಾದರೂ ದಪ್ಪ ಇರಲಿ, ಮೇಲೆ ಮುಚ್ಚಳ ಇರಲಿ. ಕಟ್ಟಿದ ಮೇಲೆ ಎಲ್‌ಇಡಿ ಆರಿಸಿ ಓದನ್ನು, ಅಂದರೆ ಸೆನ್ಸರ್ ಕೊಡುವ ಸಂಖ್ಯೆಯನ್ನು, ಗಮನಿಸಿ. ಪೆಟ್ಟಿಗೆಯ ಮೇಲೆ ದಪ್ಪ ಬಟ್ಟೆ ಹೊದಿಸಿದಾಗ ಆ ಓದು ಕೆಳಗಿಳಿದರೆ ಹೊರಗಿನ ಬೆಳಕು ಎಲ್ಲೋ ಸೋರುತ್ತಿದೆ. ಕೋಣೆಯ ದೀಪಗಳು ವಿದ್ಯುತ್ತಿನ 50 ಅಥವಾ 60 ಹರ್ಟ್ಸ್ ಲಯಕ್ಕೆ ಮಿಣುಕುವುದರಿಂದ ಪ್ರತಿ ಓದನ್ನೂ 100 ಮಿಲಿಸೆಕೆಂಡಿನ ಸರಾಸರಿಯಾಗಿ ತೆಗೆದುಕೊಳ್ಳಿ. ಈ ಅವಧಿಯಲ್ಲಿ ಎರಡೂ ಲಯದ ಪೂರ್ಣ ಆವರ್ತಗಳು ಮುಗಿಯುವುದರಿಂದ ಮಿಣುಕು ತಾನಾಗಿ ಅಳಿಸಿಹೋಗುತ್ತದೆ.

ಅಳೆಯುವ ಕ್ರಮ ಹೀಗೆ. ಎಲ್‌ಇಡಿ ಹಚ್ಚಿ ಹತ್ತು ನಿಮಿಷ ಬಿಡಿ, ಬಿಸಿಯಾಗುತ್ತ ಅದರ ಹೊಳಪು ತುಸು ಇಳಿದು ನಿಲ್ಲುತ್ತದೆ. ಆಮೇಲೆ ಮೂರು ಓದುಗಳು: ಬೆಳಕಿನ ದಾರಿಗೆ ಕಪ್ಪು ತುಂಡು ಅಡ್ಡ ಇಟ್ಟು ‘ಕತ್ತಲೆ’, ಬರೀ ಪೋಷಕ ದ್ರವ ಇಟ್ಟು ‘ಖಾಲಿ’, ಬ್ಯಾಕ್ಟೀರಿಯಾ ಇರುವ ದ್ರವ ಇಟ್ಟು ‘ಮಾದರಿ’. ಮಾದರಿಯಿಂದಲೂ ಖಾಲಿಯಿಂದಲೂ ಕತ್ತಲೆಯನ್ನು ಕಳೆಯಿರಿ, ಖಾಲಿಯನ್ನು ಮಾದರಿಯಿಂದ ಭಾಗಿಸಿ, ಹತ್ತರ ಆಧಾರದ ಲಾಗರಿದಮ್ ತೆಗೆಯಿರಿ, ಬರುವುದೇ ಓಡಿ.

ಕತ್ತಲೆಯನ್ನು ಕಳೆಯುವುದು ಶಾಸ್ತ್ರಕ್ಕೆ ಮಾಡುವ ಕೆಲಸ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಕತ್ತಲೆ 12, ಖಾಲಿ 812, ಮಾದರಿ 412 ಎಂದಿರಲಿ. ಕಳೆದರೆ 800 ಮತ್ತು 400, ಓಡಿ 0.30. ಕಳೆಯದಿದ್ದರೂ 0.29, ಹೆಚ್ಚೇನೂ ಕೆಡಲಿಲ್ಲ. ಈಗ ದ್ರವ ದಟ್ಟವಾಗಿ ಮಾದರಿಯ ಓದು 20ಕ್ಕೆ ಇಳಿಯಿತೆನ್ನಿ. ಕಳೆದರೆ 800 ಭಾಗ 8, ಅಂದರೆ ಓಡಿ 2.0. ಕಳೆಯದಿದ್ದರೆ 1.61! ಬೆಳವಣಿಗೆ ನಿಂತುಹೋಯಿತೆಂದು ಗ್ರಾಫ್ ಹೇಳುತ್ತದೆ, ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತಲೇ ಇರುತ್ತದೆ.

ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಆರ್ಡ್ವಿನೋ ಯುನೋದ ಒಳಗಿರುವ, ವೋಲ್ಟೇಜನ್ನು ಸಂಖ್ಯೆಯಾಗಿಸುವ ಪರಿವರ್ತಕ 10 ಬಿಟ್‌ನದು, 0ರಿಂದ 1023ರವರೆಗೆ ಮಾತ್ರ ಎಣಿಸಬಲ್ಲದು. ಉಳಿದಿರುವ ಬೆಳಕೇ ಎಂಟು ಎಣಿಕೆಯಷ್ಟಿದ್ದಾಗ ಒಂದು ಎಣಿಕೆ ಆಚೀಚೆ ಆದರೆ ಓಡಿ 1.95ರಿಂದ 2.06ರವರೆಗೆ ಓಲಾಡುತ್ತದೆ. ಎಡಿಎಸ್1115 ಎಂಬ 16 ಬಿಟ್ ಪರಿವರ್ತಕದ ಚಿಕ್ಕ ಫಲಕವನ್ನು ಸೇರಿಸಿದರೆ ಈ ಓಲಾಟ ಬಹಳಷ್ಟು ತಗ್ಗುತ್ತದೆ.

ಇಷ್ಟಾದರೂ ದಟ್ಟ ದ್ರವದ ಓದು ಸರಿ ಬರುವುದಿಲ್ಲ, ಅದಕ್ಕೆ ಕಾರಣ ಭೌತಶಾಸ್ತ್ರ. ಬ್ಯಾಕ್ಟೀರಿಯಾ ಬೆಳಕನ್ನು ಹೀರುವುದಕ್ಕಿಂತ ಚದುರಿಸುವುದೇ ಹೆಚ್ಚು. ದಟ್ಟವಾದಾಗ ಒಮ್ಮೆ ಚದುರಿದ ಬೆಳಕು ಮತ್ತೊಮ್ಮೆ ಚದುರಿ ಸೆನ್ಸರನ್ನು ಸೇರುತ್ತದೆ. ಎಷ್ಟು ಸೇರುತ್ತದೆ ಎಂಬುದು ಸೆನ್ಸರಿನ ದೂರ ಮತ್ತು ಅಗಲದ ಮೇಲೆ ನಿಂತಿದೆ. ಕಂಪನಿಯ ಎರಡು ಯಂತ್ರಗಳು ಒಂದೇ ಕುವೆಟ್ಟಿಗೆ ಬೇರೆ ಬೇರೆ ಓಡಿ ತೋರಿಸುವುದೂ ಇದರಿಂದಲೇ. ಪರಿಹಾರ ಸುಲಭ. ಚೆನ್ನಾಗಿ ಬೆಳೆದ ದ್ರವವನ್ನು ಅರ್ಧ, ಕಾಲು, ಅರೆಕಾಲು ಹೀಗೆ ತೆಳುಮಾಡುತ್ತ ಪ್ರತಿಯೊಂದನ್ನೂ ಅಳೆದು ಗ್ರಾಫ್ ಬರೆಯಿರಿ. ಗೆರೆ ನೇರವಾಗಿರುವಷ್ಟು ಭಾಗವೇ ನಿಮ್ಮ ಸಾಧನದ ವ್ಯಾಪ್ತಿ. ಸಾಮಾನ್ಯವಾಗಿ 0.4 ದಾಟಿದ ಮೇಲೆ ಗೆರೆ ಬಾಗತೊಡಗುತ್ತದೆ, ಅಲ್ಲಿಂದಾಚೆಗಿನ ಮಾದರಿಯನ್ನು ತೆಳುಮಾಡಿಯೇ ಅಳೆಯಬೇಕು.

ಇದು ಕೈಗೆ ಹತ್ತಿದ ಮೇಲೆ, ಬೆಳೆಸುವುದು, ಕಲಕುವುದು, ಅಳೆಯುವುದು ಮೂರನ್ನೂ ಒಟ್ಟಿಗೆ ಮಾಡುವ ಚಿ.ಬಯೋ ಅಥವಾ ಪಯೋರಿಯಾಕ್ಟರ್‌ನಂಥ ವಿನ್ಯಾಸಗಳ ಕಡೆ ಹೋಗಬಹುದು.

ಹಂತ 4: ಇನ್‌ಕ್ಯುಬೇಟರ್ — ಬ್ಯಾಕ್ಟೀರಿಯಾವನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆ

ಬೇಕಾದವು: ದಪ್ಪ ಥರ್ಮಾಕೋಲ್ ಪೆಟ್ಟಿಗೆ, 12 ವೋಲ್ಟಿನ ಬಿಸಿ ತಟ್ಟೆ, ಗಾಳಿಯಾಡಿಸಲು ಕಂಪ್ಯೂಟರಿನ ಚಿಕ್ಕ ಫ್ಯಾನ್, ತಟ್ಟೆಯನ್ನು ಆನ್-ಆಫ್ ಮಾಡುವ ಸ್ವಿಚ್ಚಾಗಿ ಒಂದು ಮಾಸ್‌ಫೆಟ್, ಡಿಎಸ್18ಬಿ20 ಎಂಬ ಡಿಜಿಟಲ್ ಉಷ್ಣತಾ ಸೆನ್ಸರ್. ಮನೆಯ ವಿದ್ಯುತ್ ಲೈನನ್ನು ನೇರವಾಗಿ ಪೆಟ್ಟಿಗೆಯೊಳಗೆ ತರಬೇಡಿ. ಒದ್ದೆಯಾಗುವ ಜಾಗದಲ್ಲಿ 12 ವೋಲ್ಟ್ ದಾಟಬೇಕಾದ ಅಗತ್ಯವೇ ಇಲ್ಲ.

ಸೆನ್ಸರಿನ ದತ್ತಾಂಶ ತಂತಿಗೂ ವಿದ್ಯುತ್ ತಂತಿಗೂ ನಡುವೆ 4.7 ಕಿಲೋಓಮ್ ರೋಧಕ ಹಾಕಬೇಕು. ಇದು ಮರೆತರೆ ಸೆನ್ಸರ್ ಮಾತಾಡುವುದೇ ಇಲ್ಲ. ಮಾತಾಡಿದ ಮೇಲೂ ಎರಡು ಸಂಖ್ಯೆಗಳನ್ನು ನಂಬಬಾರದು. ವಿದ್ಯುತ್ ಬಂದ ಕೂಡಲೇ, ಅಳತೆ ಮುಗಿಯುವ ಮೊದಲೇ ಓದಿದರೆ ಅದು 85 ಡಿಗ್ರಿ ಎನ್ನುತ್ತದೆ. ತಂತಿ ಕಡಿದಿದ್ದರೆ ಆರ್ಡ್ವಿನೋದಲ್ಲಿ ಈ ಸೆನ್ಸರ್ ಓದಲು ಬಳಸುವ ಪ್ರಚಲಿತ ಲೈಬ್ರರಿ (ಸಿದ್ಧ ಪ್ರೋಗ್ರಾಮು) ಮೈನಸ್ 127 ಎಂದು ಕೊಡುತ್ತದೆ. ಎರಡನೆಯದು ಅಪಾಯಕಾರಿ. ‘37ಕ್ಕಿಂತ ಕಡಿಮೆ ಇದ್ದರೆ ಬಿಸಿ ಮಾಡು’ ಎಂದಷ್ಟೇ ಬರೆದ ಪ್ರೋಗ್ರಾಮು ಮೈನಸ್ 127 ನೋಡಿ ತಟ್ಟೆಯನ್ನು ಉರಿಸುತ್ತಲೇ ಇರುತ್ತದೆ. ಆದ್ದರಿಂದ ನಿಯಮದ ಮೊದಲ ಸಾಲು ಹೀಗಿರಲಿ: ಓದು 10ರಿಂದ 50 ಡಿಗ್ರಿಯ ಹೊರಗಿದ್ದರೆ ಬಿಸಿ ನಿಲ್ಲಿಸು, ಎಚ್ಚರಿಕೆ ಕೊಡು. ಇದರ ಮೇಲೆ, ತಟ್ಟೆಯ ಸಾಲಿನಲ್ಲೇ ಒಂದು ಥರ್ಮಲ್ ಫ್ಯೂಸ್ (ಅತಿಯಾಗಿ ಬಿಸಿಯಾದರೆ ತಾನೇ ವಿದ್ಯುತ್ ಕಡಿಯುವ ಭಾಗ) ಕೂರಿಸಿ. ಮಾಸ್‌ಫೆಟ್ ಕೆಟ್ಟಾಗ ಹೆಚ್ಚಾಗಿ ‘ಆನ್’ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಆಗ ಯಾವ ಪ್ರೋಗ್ರಾಮೂ ಕಾಪಾಡುವುದಿಲ್ಲ.

ಇನ್ನು ಸೆನ್ಸರಿನ ಸತ್ಯಾಸತ್ಯತೆ. ಡಿಎಸ್18ಬಿ20 0.0625 ಡಿಗ್ರಿಯ ಮೆಟ್ಟಿಲುಗಳಲ್ಲಿ ಓದು ಕೊಡುತ್ತದೆ. ಪರದೆಯ ಮೇಲೆ 37.06 ಎಂದು ಕಂಡಾಗ ಮನಸ್ಸು ಮರುಳಾಗುತ್ತದೆ. ತಯಾರಕರು ಭರವಸೆ ಕೊಟ್ಟಿರುವ ನಿಖರತೆ ಅರ್ಧ ಡಿಗ್ರಿ ಮಾತ್ರ, ಮಾರುಕಟ್ಟೆಯಲ್ಲಿ ನಕಲಿ ಸೆನ್ಸರುಗಳೂ ಧಾರಾಳವಾಗಿವೆ. ಹಾಗಾಗಿ ಎರಡು ಬಿಂದುಗಳಲ್ಲಿ ಪರೀಕ್ಷಿಸಿ. ಮೊದಲನೆಯದು 0 ಡಿಗ್ರಿ: ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ ಲೋಟ ತುಂಬಿಸಿ, ಸಂದುಗಳು ತುಂಬುವಷ್ಟೇ ನೀರು ಸುರಿಯಿರಿ. ನೀರಿನ ಮೇಲೆ ನಾಲ್ಕು ಗಡ್ಡೆ ತೇಲುತ್ತಿದ್ದರೆ ಸಾಲದು, ತಳದ ನೀರು ನಾಲ್ಕು ಡಿಗ್ರಿಯವರೆಗೂ ಇರಬಹುದು. ಎರಡನೆಯದು 37ರ ಆಸುಪಾಸು: ಕಲಕುತ್ತಿರುವ ಬೆಚ್ಚನೆಯ ನೀರಿನಲ್ಲಿ ಸೆನ್ಸರನ್ನೂ ಜ್ವರ ನೋಡುವ ಒಳ್ಳೆಯ ಥರ್ಮಾಮೀಟರನ್ನೂ ಒಟ್ಟಿಗೆ ಹಿಡಿಯಿರಿ. ಆ ಕಿರಿದಾದ ವ್ಯಾಪ್ತಿಯಲ್ಲಿ ಇಷ್ಟು ಸುಲಭವಾಗಿ ಸಿಗುವ ನಿಖರ ಥರ್ಮಾಮೀಟರ್ ಬೇರೊಂದಿಲ್ಲ. ಸಿಕ್ಕ ವ್ಯತ್ಯಾಸವನ್ನು ಪ್ರೋಗ್ರಾಮಿನಲ್ಲಿ ಸೇರಿಸಿ, ದಿನಾಂಕದೊಡನೆ ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿ.

ಕೊನೆಗೆ ಮೇಲೆ, ನಡುವೆ, ಕೆಳಗೆ ಮೂರು ಸೆನ್ಸರ್ ಇಟ್ಟು ಒಂದು ರಾತ್ರಿ ದಾಖಲಿಸಿ. ಒಂದು ಸೆನ್ಸರನ್ನು ನೀರಿನ ಸೀಸೆಯೊಳಗೇ ಮುಳುಗಿಸಿ, ಏಕೆಂದರೆ ಜೀವಕೋಶಗಳಿಗೆ ತಾಗುವುದು ದ್ರವದ ಉಷ್ಣತೆ. ಗಾಳಿ ಮೇಲೆ ಕೆಳಗೆ ಆಡುತ್ತಿದ್ದರೂ ಸೀಸೆಯ ಗೆರೆ ಸಮತಟ್ಟಾಗಿದ್ದರೆ ಪೆಟ್ಟಿಗೆ ಕೆಲಸಕ್ಕೆ ಸಿದ್ಧ.

ಹಂತ 5: ಸೂಕ್ಷ್ಮದರ್ಶಕ

ಹೊಲ, ಕೆರೆ, ತರಗತಿಗಳಿಗೆ ಕಾಗದದ ಫೋಲ್ಡ್‌ಸ್ಕೋಪ್ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಈ ವಿನ್ಯಾಸ ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಸ್ಪಷ್ಟತೆ ಎರಡು ಮೈಕ್ರೋಮೀಟರಿನಷ್ಟು. ಸಂಶೋಧನೆಗೆ ಓಪನ್‌ಫ್ಲೆಕ್ಷರ್ ಎಂಬ ಮುಕ್ತ ವಿನ್ಯಾಸದ ಸೂಕ್ಷ್ಮದರ್ಶಕ ಕಟ್ಟಿ. ಇದರ ಚಲಿಸುವ ವೇದಿಕೆಯಲ್ಲಿ ಜಾರುವ ಭಾಗಗಳೇ ಇಲ್ಲ. 3ಡಿ ಪ್ರಿಂಟ್ ಮಾಡಿದ ತೆಳು ಪ್ಲಾಸ್ಟಿಕ್ ಪಟ್ಟಿಗಳು ಬಾಗುವುದರಿಂದಲೇ ಮಾದರಿ ಸರಿಯುತ್ತದೆ. ಹಾಗಾಗಿ ಅಗ್ಗದ ಪ್ರಿಂಟರಿನ ಒರಟುತನ ಚಲನೆಯನ್ನು ಕೆಡಿಸುವುದಿಲ್ಲ. ನನ್ನ ಮಟ್ಟಿಗೆ ಮುಕ್ತ ಯಂತ್ರಾಂಶದಲ್ಲಿ ಇದಕ್ಕಿಂತ ಜಾಣ ವಿನ್ಯಾಸ ಇಲ್ಲ. ಆ ಪಟ್ಟಿಗಳು ಮುರಿಯದೆ ಬಾಗಬೇಕು, ಆದ್ದರಿಂದ ಪದರದ ದಪ್ಪ, ಪ್ಲಾಸ್ಟಿಕ್ಕಿನ ಬಗೆಗಳನ್ನು ಸೂಚನೆಯಲ್ಲಿ ಹೇಳಿದಂತೆಯೇ ಇಡಿ. ಇಲ್ಲಿ ಸ್ವಂತ ಬುದ್ಧಿ ಬೇಡ.

ಮಸೂರ ಕೊಳ್ಳುವಾಗ ಎಷ್ಟು ಪಟ್ಟು ಎಂಬುದಕ್ಕಿಂತ ನ್ಯೂಮರಿಕಲ್ ಅಪರ್ಚರ್ (ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ) ನೋಡಿ. ಬೆಳಕಿನ ತರಂಗಾಂತರವನ್ನು 0.61ರಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಸ್ಪಷ್ಟತೆಯ ಮಿತಿ ಸಿಗುತ್ತದೆ. 0.65 ಇರುವ 40 ಪಟ್ಟಿನ ಮಸೂರ, 550 ನ್ಯಾನೋಮೀಟರಿನ ಹಸಿರು ಬೆಳಕು ಎಂದರೆ ಸುಮಾರು 0.52 ಮೈಕ್ರೋಮೀಟರ್. ಅದರಾಚೆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ದೊಡ್ಡ ಮಸುಕು ಸಿಗುತ್ತದೆ, ವಿವರವಲ್ಲ. ‘2000 ಪಟ್ಟು’ ಎಂದು ಕೂಗುವ ಯುಎಸ್‌ಬಿ ಸೂಕ್ಷ್ಮದರ್ಶಕಗಳಿಂದ ದೂರ ಇರಿ.

ಅಳತೆಗೆ ಸ್ಟೇಜ್ ಮೈಕ್ರೋಮೀಟರ್ ಎಂಬ ಗಾಜಿನ ಸ್ಲೈಡ್ ಬೇಕು. ಅದರಲ್ಲಿ ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿ ಗೆರೆ ಎಳೆದಿರುತ್ತಾರೆ. ಇಪ್ಪತ್ತು ಭಾಗ, ಅಂದರೆ 200 ಮೈಕ್ರೋಮೀಟರ್, ಚಿತ್ರದಲ್ಲಿ 1600 ಪಿಕ್ಸೆಲ್ ಹಿಡಿದರೆ ಒಂದು ಪಿಕ್ಸೆಲ್‌ಗೆ 0.125 ಮೈಕ್ರೋಮೀಟರ್. ಚಿತ್ರದ ಮೂಲೆಯಲ್ಲೂ ಅಳೆದು ನೋಡಿ, ಮಸೂರ ಚಿತ್ರದ ಆಕಾರ ಕೆಡಿಸುತ್ತಿದ್ದರೆ ಅಲ್ಲಿ ಗೊತ್ತಾಗುತ್ತದೆ. ರಾಸ್ಪ್‌ಬೆರಿ ಪೈ ಕ್ಯಾಮೆರಾದ ಸ್ವಂತ ಮಸೂರ ತೆಗೆದಾಗ ಚಿತ್ರದ ನಡುವೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಕಾಣುವುದುಂಟು. ಖಾಲಿ ಜಾಗದ ಚಿತ್ರ ತೆಗೆದು ತಂತ್ರಾಂಶದಲ್ಲಿ ಸರಿಪಡಿಸದೆ ಬಣ್ಣದ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಹಂತ 6: ಉಳಿದ ಸಾಧನಗಳು

ಮಾದರಿಯನ್ನು ವೇಗವಾಗಿ ತಿರುಗಿಸಿ ಭಾರದ ಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ವಿಷಯದಲ್ಲಿ ನಾನು ಅಂಜುಬುರುಕ. 2017ರಲ್ಲಿ ಬಂದ ಪೇಪರ್‌ಫ್ಯೂಜ್, ದಾರ ಎಳೆದು ಬಿಟ್ಟರೆ ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗುವ ಕಾಗದದ ಚಕ್ರ, ರಕ್ತದ ಕಣಗಳನ್ನು ಬೇರ್ಪಡಿಸಬಲ್ಲದು. ಅದರ ತೂಕ ಹಗುರ, ಹಿಡಿಯುವ ಮಾದರಿ ಅತ್ಯಲ್ಪ. ಆದರೆ 3ಡಿ ಪ್ರಿಂಟ್ ಮಾಡಿದ ರೋಟರನ್ನು (ಕೊಳವೆಗಳನ್ನು ಹಿಡಿದು ತಿರುಗುವ ಚಕ್ರವನ್ನು) ವೇಗದ ಮೋಟಾರಿಗೆ ಸಿಕ್ಕಿಸುವುದು ಬೇರೆ ಮಾತು. ಮೂರು ಸೆಂಟಿಮೀಟರ್ ತ್ರಿಜ್ಯ, ನಿಮಿಷಕ್ಕೆ 10,000 ಸುತ್ತು ಎಂದರೆ ಗುರುತ್ವದ ಸುಮಾರು 3,350 ಪಟ್ಟು ಬಲ. ಪ್ರಿಂಟಿನ ಪದರಗಳು ಬಿಟ್ಟುಕೊಂಡರೆ ತುಂಡುಗಳು ಎಲ್ಲಿ ನಾಟುತ್ತವೆ ಎಂದು ಊಹಿಸಿ. ಬಳಸಿದ ಯಂತ್ರವೊಂದನ್ನು ಕೊಂಡು, ಮುಚ್ಚಳದ ಬೀಗ ಸರಿ ಇದೆಯೇ ನೋಡಿ.

ಡಿಎನ್‌ಎ ತುಣುಕುಗಳನ್ನು ವಿದ್ಯುತ್ತಿನಿಂದ ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಪೆಟ್ಟಿಗೆ ಅಕ್ರಿಲಿಕ್ ಹಾಳೆಗಳಿಂದ ಸುಲಭವಾಗಿ ಆಗುತ್ತದೆ. ಧನ ಎಲೆಕ್ಟ್ರೋಡಿಗೆ ಪ್ಲಾಟಿನಂ ತಂತಿಯೇ ಬೇಕು, ಸ್ಟೀಲ್ ತಂತಿ ಕೆಲವೇ ಬಳಕೆಯಲ್ಲಿ ಸವೆಯುತ್ತದೆ. ಎಲೆಕ್ಟ್ರೋಡುಗಳ ನಡುವೆ 15 ಸೆಂಟಿಮೀಟರ್ ಇದ್ದರೆ 75ರಿಂದ 120 ವೋಲ್ಟ್ ಸಾಕು. ಅಷ್ಟು ವೋಲ್ಟೇಜು ಉಪ್ಪುನೀರಿನಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು, ಮುಚ್ಚಳ ತೆಗೆದೊಡನೆ ವಿದ್ಯುತ್ ಕಡಿಯುವಂತೆ ಕಟ್ಟದೆ ಒಮ್ಮೆಯೂ ಹಚ್ಚಬೇಡಿ. ಜೆಲ್‌ನಲ್ಲಿರುವ ಡಿಎನ್‌ಎಯನ್ನು ನೋಡಲು 470 ನ್ಯಾನೋಮೀಟರಿನ ನೀಲಿ ಎಲ್‌ಇಡಿ, ಕಿತ್ತಳೆ ಅಕ್ರಿಲಿಕ್ ಹಾಳೆ ಮತ್ತು ನೀಲಿ ಬೆಳಕಿಗೆ ಹೊಳೆಯುವ ಸೈಬರ್ ಸೇಫ್‌ನಂಥ ಬಣ್ಣ ಬಳಸಿದರೆ ನೇರಳಾತೀತ ಕಿರಣ, ಎಥಿಡಿಯಂ ಬ್ರೋಮೈಡ್ ಎಂಬ ಅಪಾಯಕಾರಿ ಎನ್ನಲಾದ ಬಣ್ಣ ಎರಡರ ಕಾಟವೂ ಇಲ್ಲ.

ಪಿಸಿಆರ್‌ಗೆ ಓಪನ್‌ಪಿಸಿಆರ್, ಪಾಕೆಟ್‌ಪಿಸಿಆರ್ ಎಂಬ ಮುಕ್ತ ವಿನ್ಯಾಸಗಳಿವೆ. ಪರೀಕ್ಷಿಸುವಾಗ ಲೋಹದ ದಿಂಡಿನ ಉಷ್ಣತೆಯನ್ನಲ್ಲ, ಕೂದಲಿನಷ್ಟು ತೆಳುವಾದ ಥರ್ಮೋಕಪಲ್ಲನ್ನು (ಉಷ್ಣತೆ ಅಳೆಯುವ ತಂತಿಯನ್ನು) ದ್ರವವಿರುವ ಕೊಳವೆಯೊಳಗೇ ಇಳಿಬಿಟ್ಟು ಅಳೆಯಿರಿ. ದ್ರವ ಯಾವಾಗಲೂ ದಿಂಡಿಗಿಂತ ತಡವಾಗಿ ಬಿಸಿಯಾಗುತ್ತದೆ. ‘ಈ ಡಿಎನ್‌ಎ ಇದೆಯೋ ಇಲ್ಲವೋ’ ಎಂಬಷ್ಟೇ ಪ್ರಶ್ನೆಯಾದರೆ ಪಿಸಿಆರ್‌ನಂತೆಯೇ ಡಿಎನ್‌ಎಯನ್ನು ಹೆಚ್ಚಿಸುವ ಲ್ಯಾಂಪ್ (ಎಲ್‌ಎಎಂಪಿ) ವಿಧಾನ ಯೋಚಿಸಿ. 60ರಿಂದ 65 ಡಿಗ್ರಿಯ ಒಂದೇ ಉಷ್ಣತೆಯಲ್ಲಿ ನಡೆಯುವುದರಿಂದ ನೀವು ಆಗಲೇ ಕಟ್ಟಿದ ನಿಯಂತ್ರಕದ 50 ಡಿಗ್ರಿಯ ಮಿತಿಯನ್ನು ಅದಕ್ಕೆ ತಕ್ಕಷ್ಟು ಏರಿಸಿ, ನೀರಿನ ತೊಟ್ಟಿಯೊಂದನ್ನು ಜೋಡಿಸಿದರೆ ಆಯಿತು. ಒಂದೇ ಕಟ್ಟುನಿಟ್ಟು: ಕ್ರಿಯೆ ಮುಗಿದ ಕೊಳವೆಯನ್ನು ಪ್ರಯೋಗಾಲಯದೊಳಗೆ ತೆರೆಯಬೇಡಿ. ಅದರಲ್ಲಿ ಡಿಎನ್‌ಎ ಎಷ್ಟು ಬೆಳೆದಿರುತ್ತದೆಂದರೆ, ಒಂದು ಹನಿ ಸಿಡಿದರೂ ಮುಂದಿನ ಪರೀಕ್ಷೆಗಳೆಲ್ಲ ‘ಇದೆ’ ಎನ್ನತೊಡಗುತ್ತವೆ. ಕಿಣ್ವಗಳ ಖರ್ಚು ಮತ್ತು ಅವನ್ನು ತಣ್ಣಗೆ ಕಾಯುವ ಕಷ್ಟ ಮಾತ್ರ ಯಾವ ಮುಕ್ತ ಯಂತ್ರದಿಂದಲೂ ತಪ್ಪುವುದಿಲ್ಲ, ಬಜೆಟ್ಟಿನಲ್ಲಿ ಅದಕ್ಕೆ ಜಾಗ ಇರಲಿ.

ಸುರಕ್ಷತೆಯ ಬಗ್ಗೆ ಎರಡು ಮಾತು. ನಿರಪಾಯಕಾರಿ ಎಂದು ಖಚಿತವಾಗಿ ಗೊತ್ತಿರುವ ತಳಿಗಳನ್ನು ಮಾತ್ರ ಬೆಳೆಸಿ. ಎಲ್ಲಿಂದಲೋ ಒರೆಸಿ ತಂದ ಮಾದರಿಯನ್ನು 37 ಡಿಗ್ರಿಯಲ್ಲಿ ಬೆಳೆಸಿದರೆ ಏಳುವುದು ಏನೆಂದು ಹೇಳಲಾಗದು. 3ಡಿ ಪ್ರಿಂಟಿನ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿಗೇ ಮೆತ್ತಗಾಗುತ್ತದೆ, 121 ಡಿಗ್ರಿಯ ಹಬೆಯಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ ಆಟೋಕ್ಲೇವಿನಿಂದ ಮುದ್ದೆಯಾಗಿ ಹೊರಬರುತ್ತದೆ. ದ್ರವ ತಾಗುವ ಭಾಗಗಳು ಗಾಜಿನವೋ ಪಾಲಿಪ್ರೊಪಿಲೀನ್‌ನವೋ ಆಗಿರಲಿ.

ಹಂತ 7: ತಂತ್ರಾಂಶ, ದಾಖಲೆ, ಹಂಚಿಕೆ

ಚಿತ್ರಗಳ ವಿಶ್ಲೇಷಣೆಗೆ ಫಿಜಿಯಿಂದ ಶುರುಮಾಡಿ. ಇದು ವೇಯ್ನ್ ರಾಸ್‌ಬ್ಯಾಂಡ್ ಅವರು ಬರೆದ ಇಮೇಜ್‌ಜೆ ತಂತ್ರಾಂಶವನ್ನೇ ಅಗತ್ಯದ ಪ್ಲಗಿನ್‌ಗಳ ಸಮೇತ ಕಟ್ಟಿಕೊಟ್ಟ ರೂಪ. ನೂರಾರು ಚಿತ್ರಗಳಲ್ಲಿ ಕೋಶ ಎಣಿಸಲು ಸೆಲ್‌ಪ್ರೊಫೈಲರ್, ಕಣ್ಣಿಗೆ ಸುಲಭ ಆದರೆ ಸೂತ್ರಕ್ಕೆ ಸಿಗದ ಗುರುತುಗಳಿಗೆ ಇಲಾಸ್ಟಿಕ್, ಕ್ಯಾಮೆರಾ ಮತ್ತು ವೇದಿಕೆಯ ನಿಯಂತ್ರಣಕ್ಕೆ ಮೈಕ್ರೋ-ಮ್ಯಾನೇಜರ್, ಡಿಎನ್‌ಎ ಅನುಕ್ರಮಗಳಿಗೆ ಗ್ಯಾಲಕ್ಸಿ. ಚಿತ್ರ ತೆಗೆಯುವಾಗ ಕ್ಯಾಮೆರಾದ ತಾನಾಗಿ ಹೊಳಪು ಹೊಂದಿಸುವ ಗುಣವನ್ನು ನಿಲ್ಲಿಸಿಬಿಡಿ, ಇಲ್ಲದಿದ್ದರೆ ಎರಡು ಚಿತ್ರಗಳ ಹೊಳಪನ್ನು ಹೋಲಿಸುವುದಕ್ಕೆ ಅರ್ಥವಿಲ್ಲ. ಉಳಿಸುವುದು ಟಿಫ್‌ನಲ್ಲಿ, ಜೆಪೆಗ್ ಕಡತ ಚಿಕ್ಕದಾಗುವುದು ವಿವರಗಳನ್ನು ಎಸೆದೇ.

ಪ್ರತಿ ದತ್ತಾಂಶ ಕಡತದ ತಲೆಯಲ್ಲಿ ಸಾಧನದ ಸಂಖ್ಯೆ, ಪ್ರೋಗ್ರಾಮಿನ ಆವೃತ್ತಿ, ಕೊನೆಯ ಮಾಪನ ಪರೀಕ್ಷೆಯ ದಿನಾಂಕ ಇರಲಿ. ನಿಮ್ಮ ಬದಲಾವಣೆಗಳನ್ನು ಹಂಚುವಾಗ ಯುರೋಪಿನ ಕಣಭೌತಶಾಸ್ತ್ರ ಸಂಸ್ಥೆಯಾದ ಸರ್ನ್‌ನ ಮುಕ್ತ ಯಂತ್ರಾಂಶ ಪರವಾನಗಿ ಅನುಕೂಲ. 2020ರ ಎರಡನೇ ಆವೃತ್ತಿಯಲ್ಲಿ ಮೂರು ಬಗೆಗಳಿವೆ: ಬದಲಿಸಿ ಹಂಚುವವರೂ ವಿನ್ಯಾಸವನ್ನು ತೆರೆದಿಡಲೇಬೇಕು ಎನ್ನುವ ಬಿಗಿಯಾದದ್ದು, ಹಾಗೆ ತೆರೆದಿಡಬೇಕೆಂಬ ಕಟ್ಟು ಹಾಕದ ಸಡಿಲವಾದದ್ದು, ನಡುವಿನದೊಂದು. ಯಾವುದನ್ನಾದರೂ ಆರಿಸಿ, ಆದರೆ ಆರಿಸದೆ ಬಿಡಬೇಡಿ.

ಪ್ರಕಟಿಸುವ ಮುನ್ನ, ಆ ಸಾಧನವನ್ನು ನೋಡಿಯೇ ಇಲ್ಲದ ಒಬ್ಬರಿಗೆ ನಿಮ್ಮ ಸೂಚನೆಗಳನ್ನು ಮಾತ್ರ ಕೊಟ್ಟು ಕಟ್ಟಲು ಹೇಳಿ, ಪಕ್ಕದಲ್ಲಿ ಕುಳಿತು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ಸಾಲನ್ನೋ ಒಂದು ಫೋಟೋವನ್ನೋ ಸೇರಿಸಿ. ಅವರು ಕಟ್ಟಿದ ಸಾಧನದ ಮಾಪನ ಗ್ರಾಫನ್ನೂ ನಿಮ್ಮದರ ಪಕ್ಕದಲ್ಲೇ ಪ್ರಕಟಿಸಿ.